ಹೊಂಗೆ ಮರದ ಕೆಳಗಿನ ಸ್ಕೂಟರು

ನಮ್ಮ ರೈಲ್ವೆ ಸ್ಟೇಷನ್ನಿನ ಬೈಕ್ ಸ್ಟ್ಯಾಂಡಿನಲ್ಲಿ, ಕೊನೇ ಸಾಲಿನ ಹೊಂಗೆ ಮರದ ಕೆಳಗೆ, ಒಂದು ಸ್ಕೂಟರು ನಿಂತಿದೆ. ಬಣ್ಣ ಕಪ್ಪೋ ನೀಲಿಯೋ ಹೇಳುವುದು ಕಷ್ಟ. ಸೀಟಿನ ಧೂಳಿನ ಮೇಲೆ ಬೆಕ್ಕಿನ ಹೆಜ್ಜೆ. ಬ್ರೇಕಿನಿಂದ ಕನ್ನಡಿಗೆ ಜೇಡ ಬಲೆ ಕಟ್ಟಿದೆ. ಹಿಂದಿನ ಟೈರು ಗಾಳಿ ಬಿಟ್ಟು ನೆಲಕ್ಕೆ ಅಂಟಿಕೊಂಡಿದೆ.

ಗಾಡಿ ಬಿಟ್ಟುಹೋಗಿದ್ದಾರೆ ಅಂತ ತಿಳಿಯಲು ಸ್ಟ್ಯಾಂಡ್ ನೋಡಿಕೊಳ್ಳುವ ಯಜಮಾನರಿಗೆ ಧೂಳು ಕೂರುವ ತನಕ ಕಾಯಬೇಕಿಲ್ಲ. ರಾತ್ರಿ ಕೊನೇ ರೈಲು ಹೋದ ಮೇಲೆ ಒಂದು ಸುತ್ತು ಬರುತ್ತಾರೆ. ಉಳಿದ ಗಾಡಿಗಳ ಟೈರಿಗೂ ನೆಲಕ್ಕೂ ಸೇರಿಸಿ ಸೀಮೆಸುಣ್ಣದ ಗೀಟು ಎಳೆಯುತ್ತಾರೆ. ಮಾರನೇ ದಿನವೂ ಗೀಟು ಕೂಡಿಕೊಂಡಿದ್ದರೆ ಗಾಡಿ ಅಲ್ಲಾಡಿಲ್ಲ ಅಂತ ಲೆಕ್ಕ.

"ಮೂರು ದಿನ ಅಂದ್ರೆ ಮದ್ವೆ ಸಾರ್. ಹತ್ತು ದಿನ ಅಂದ್ರೆ ಕಾಶಿ, ಇಲ್ಲಾ ಮಗಳ ಬಾಣಂತನ. ತಿಂಗಳಾಯ್ತೋ, ನಂಗೆ ನಿದ್ದೆ ಬರಲ್ಲ."

ಕದ್ದ ಗಾಡಿ ಬಚ್ಚಿಡಲು ಸ್ಟ್ಯಾಂಡಿಗಿಂತ ಒಳ್ಳೇ ಜಾಗ ಎಲ್ಲಿದೆ? ನೂರರ ನಡುವೆ ನೂರೊಂದು, ಕಾವಲಿಗೆ ಬೇರೆ ಯಜಮಾನರು! ನಂಬರ್ ಪ್ಲೇಟು ಕೆಎ 22, ಅಂದರೆ ಬೆಳಗಾವಿ. ಆದರೆ ಪ್ಲೇಟು ಬದಲಾಯಿಸುವುದು ಸುಲಭ. ಅದಕ್ಕೇ ಪೊಲೀಸರು ಚಾಸಿ ನಂಬರು ಕೇಳುವುದು. ಗಾಡಿಯ ಚೌಕಟ್ಟಿನ ಲೋಹದಲ್ಲಿ ಕೊರೆದದ್ದು, ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಮೂಡಿಬರುತ್ತದೆ. ಅದನ್ನು ಯಾರಾದರೂ ಅರದಿಂದ ತಿಕ್ಕಿದ್ದರೆ, ಆಗ ಕಥೆಯೇ ಬೇರೆ.

ರಸ್ತೆಯಲ್ಲಾದರೆ 1988ರ ಮೋಟಾರು ವಾಹನ ಕಾಯ್ದೆಗೆ ಇಷ್ಟು ತಾಳ್ಮೆ ಇಲ್ಲ. 127ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ 10 ಗಂಟೆ ಯಾರೂ ಇಲ್ಲದೆ ನಿಂತಿದ್ದರೆ ಸಾಕು, ಸಮವಸ್ತ್ರದಲ್ಲಿರುವ ಪೊಲೀಸರು ಎಳೆಸಿಕೊಂಡು ಹೋಗಬಹುದು. ಎಳೆದ ಖರ್ಚೂ ಮಾಲೀಕನದೇ. ಸಂಜೆ ಏಳಕ್ಕೆ ನಿಲ್ಲಿಸಿ ಬೆಳಿಗ್ಗೆ ಎಂಟಕ್ಕೆ ತೆಗೆಯುವ ನಮ್ಮ ಬೀದಿಯ ಕಾರುಗಳೆಲ್ಲ ಹೀಗೆ ನೋಡಿದರೆ ಅನಾಥವೇ, ಅಲ್ವಾ?

ನಗಲು ನನಗೆ ಹಕ್ಕಿಲ್ಲ ಬಿಡಿ. ಒಮ್ಮೆ ಮೈಸೂರಿಗೆ ರೈಲಿನಲ್ಲಿ ಹೋದವನು ಭಾವನ ಕಾರಿನಲ್ಲಿ ವಾಪಸ್ ಬಂದೆ. ನನ್ನ ಸ್ಕೂಟರು ಸ್ಟ್ಯಾಂಡಿನಲ್ಲೇ ಉಳಿಯಿತು. ಮನೆ ಮುಂದೆ ಕಾಣದಾಗ ಕಳುವಾಯಿತೆಂದು ಬೀದಿಯವರಿಗೆಲ್ಲ ಹೇಳಿಯೂ ಆಯಿತು. ಒಂಬತ್ತನೇ ದಿನ, ಪ್ಯಾಂಟು ಒಗೆಯಲು ನೆನೆಸುವಾಗ, ಜೇಬಿನಲ್ಲಿದ್ದ ಸ್ಟ್ಯಾಂಡಿನ ಚೀಟಿ ಹೆಂಡತಿಯ ಕೈಗೆ ಸಿಕ್ಕಿತು. ಎದ್ದೆನೋ ಬಿದ್ದೆನೋ ಅಂತ ಓಡಿದೆ.

ಯಜಮಾನರು ಚೀಟಿ ನೋಡಿದರು, ನನ್ನ ಮುಖ ನೋಡಿದರು. "ಸರಿ ಸಾರ್, ಆರ್‌ಸಿ ತೋರ್ಸಿ."

ಆರ್‌ಸಿ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಕೀ ಮನೆಯ ಮೊಳೆಯಲ್ಲಿ ತೂಗುತ್ತಿತ್ತು.