ಆ ಕೆಂಪು ಬಾಗಿಲು ತೆಗೆದವರು ಯಾರು?

‘ಇಟ್ ಕಮ್ಸ್ ಅಟ್ ನೈಟ್’ ಸಿನಿಮಾವನ್ನು ಮೊನ್ನೆ ಮತ್ತೆ ನೋಡಿದೆ. 2017ರಲ್ಲಿ ಬಂದಾಗ ಅಮೆರಿಕದ ಪ್ರೇಕ್ಷಕರು ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಇದಕ್ಕೆ ಕೊಟ್ಟಿದ್ದು ‘ಡಿ’ ಗ್ರೇಡ್. ರಾತ್ರಿ ಏನೋ ಬರುತ್ತೆ ಅಂತ ಹೆಸರಿಟ್ಟು ಕೊನೆವರೆಗೂ ಏನನ್ನೂ ತೋರಿಸಲಿಲ್ಲ ಅನ್ನೋ ದೂರು ಈಗಲೂ ಕೇಳುತ್ತಿರುತ್ತೇನೆ. ನನಗಂತೂ ಅದೇ ಇದರ ಶಕ್ತಿ. (ಮುಂದೆ ಕಥೆಯೆಲ್ಲ ಹೇಳಿಬಿಟ್ಟಿದ್ದೇನೆ, ನೋಡದವರು ಇಲ್ಲಿಗೇ ನಿಲ್ಲಿಸಿ.)

ಕಾಡಿನ ನಡುವೆ ಒಂಟಿ ಮನೆ. ಹೊರಗೆ ಹೆಸರಿಲ್ಲದ ಸಾಂಕ್ರಾಮಿಕ ರೋಗ. ಒಳಗೆ ಪಾಲ್, ಹೆಂಡತಿ ಸಾರಾ, 17 ವರ್ಷದ ಮಗ ಟ್ರಾವಿಸ್. ಮೈಯೆಲ್ಲ ಹುಣ್ಣಾದ ಸಾರಾಳ ಅಪ್ಪನನ್ನು ಕಾಡಿಗೊಯ್ದು, ಗುಂಡಿಟ್ಟು, ಸುಡುವುದರಿಂದಲೇ ಸಿನಿಮಾ ಶುರು. ಮೊಮ್ಮಗ ಅಲ್ಲೇ ನಿಂತಿರುತ್ತಾನೆ. ನಿರ್ದೇಶಕ ಟ್ರೇ ಎಡ್ವರ್ಡ್ ಶಲ್ಟ್ಸ್ ಇದನ್ನು ಬರೆದದ್ದು ತನ್ನ ಅಪ್ಪ ತೀರಿಕೊಂಡ ನಂತರ. ಆ ಸಂಕಟ ಪ್ರತಿ ಚೌಕಟ್ಟಿನಲ್ಲೂ ಇದೆ.

ಆಮೇಲೆ ವಿಲ್, ಕಿಮ್, ಅವರ ಪುಟ್ಟ ಮಗ ಆಂಡ್ರೂ ಆ ಮನೆ ಸೇರುತ್ತಾರೆ. ಎರಡೂ ಸಂಸಾರ ಒಟ್ಟಿಗೆ ಉಣ್ಣುತ್ತವೆ, ನಗುತ್ತವೆ. ಒಂದು ರಾತ್ರಿ, ಯಾವಾಗಲೂ ಬೀಗ ಬಿದ್ದಿರುವ ಕೆಂಪು ಬಾಗಿಲು ತೆರೆದಿರುತ್ತದೆ. ನಿದ್ದೆಗಣ್ಣಲ್ಲಿ ಆಂಡ್ರೂ ತೆಗೆದನೋ, ಕೆಟ್ಟ ಕನಸುಗಳಲ್ಲಿ ಬೇಯುತ್ತಿದ್ದ ಟ್ರಾವಿಸ್ಸೇ ತೆಗೆದನೋ, ಸಿನಿಮಾ ಹೇಳುವುದೇ ಇಲ್ಲ. ಹೇಳಿದ್ದರೆ ನಾವು ಒಬ್ಬರ ತಲೆಗೆ ಕಟ್ಟಿ ಹಾಯಾಗಿ ಎದ್ದು ಬರುತ್ತಿದ್ದೆವು. ಯಾರಿಗೆ ರೋಗವಿದೆ ಅಂತ ಖಚಿತವಾಗುವ ಮೊದಲೇ ಬಂದೂಕು ಮಾತಾಡುತ್ತದೆ. ಮಗುವೂ ಉಳಿಯುವುದಿಲ್ಲ.

ಮೊದಲ ಸಲ ನೋಡಿದಾಗ ಪಾಲ್ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಈ ಸಲ ಬರಲಿಲ್ಲ. 2021ರ ಮೇ ತಿಂಗಳಲ್ಲಿ ಚಿಕ್ಕಪ್ಪ, ಚಿಕ್ಕಮ್ಮ ಪುಟ್ಟ ಮಗಳ ಜೊತೆ ಬೆಂಗಳೂರಿಂದ ಊರಿಗೆ ಬಂದಾಗ ಅಪ್ಪ ಅವರನ್ನು ತೋಟದ ಮನೆಯಲ್ಲಿರಿಸಿದರು. ದಿನಾ ಊಟದ ಕ್ಯಾರಿಯರ್ ಒಯ್ದು ಕಟ್ಟೆಯ ಮೇಲಿಟ್ಟು, ದೂರ ಸರಿದು ಕೂಗುತ್ತಿದ್ದವಳು ನಾನು. ಒಂದು ದಿನ ಆ ಕೂಸು “ಅಕ್ಕಾ” ಅಂತ ಓಡಿ ಬಂತು. “ಅಲ್ಲೇ ನಿಲ್ಲೇ!” ಅಂತ ಕಿರುಚಿದೆ. ನಾನು ಎತ್ತಿ ಆಡಿಸಿದ ಮಗು ಅದು. ಚಿಕ್ಕಮ್ಮ ಏನೂ ಅನ್ನದೆ ಬಂದು ಎತ್ತಿಕೊಂಡು ಹೋದರು. ಅವರಲ್ಲಿ ಯಾರಿಗೂ ರೋಗವಿರಲಿಲ್ಲ. ಇವತ್ತಿಗೂ ಆ ಮಾತನ್ನು ನಮ್ಮಿಬ್ಬರಲ್ಲಿ ಯಾರೂ ಎತ್ತಿಲ್ಲ.

ಮನೆಯವರನ್ನು ಉಳಿಸಿಕೊಳ್ಳಲೆಂದೇ ಪಾಲ್ ಎಲ್ಲವನ್ನೂ ಮಾಡುತ್ತಾನೆ. ಆದರೂ ಟ್ರಾವಿಸ್‌ಗೆ ರೋಗ ತಗುಲಿಯೇ ಬಿಡುತ್ತದೆ. ಕೊನೆಯಲ್ಲಿ ಗಂಡ ಹೆಂಡತಿ ಅದೇ ಊಟದ ಮೇಜಿನ ಎರಡು ಬದಿಗೆ ಮಾತಿಲ್ಲದೆ ಕೂತಿರುತ್ತಾರೆ. ಮಗನ ಜಾಗ ಖಾಲಿ. ಹೊರಗಿನಿಂದ ಯಾರೂ ಬಾಗಿಲು ಬಡಿಯುತ್ತಿಲ್ಲ.