ಮಿಲ್ಟ್ರಿಯಲ್ಲಿ ಇದ್ರಾ ಅಂತ ನಾವು ಕೇಳಲೇ ಇಲ್ಲ

ಅಮೆರಿಕದ ಆಸ್ಪತ್ರೆಯೊಂದರಲ್ಲಿ ನಾನು ಸ್ಕ್ಯಾನ್ ಮಾಡುವವನು. ಎಂಆರ್‌ಐ ರೂಮಿನ ಹೊರಗೆ ನನ್ನದೊಂದು ಚಿಕ್ಕ ಟೇಬಲ್ ಇದೆ. ಅದರ ಮೇಲೆ ಪ್ಲಾಸ್ಟಿಕ್ ಬುಟ್ಟಿ. ಒಳಗೆ ಹೋಗುವವರು ಮೈಮೇಲಿನ ಲೋಹವನ್ನೆಲ್ಲ ಅದರಲ್ಲಿ ಇಡಬೇಕು. ಬೆಲ್ಟು, ವಾಚು, ಕಿವಿ ಮೆಷಿನ್ನು, ಚಿಲ್ಲರೆ ಕಾಸು. ಹೋದ ತಿಂಗಳು ಒಬ್ಬ ಅಜ್ಜ ಎಲ್ಲವನ್ನೂ ತೆಗೆದಿಟ್ಟರು, ಬಲಗೈಯ ಬಳೆಯೊಂದನ್ನು ಬಿಟ್ಟು. ತೆಳು ಪಟ್ಟಿಯಂಥ ಬಳೆ. ಅದರಲ್ಲಿ ಒಂದು ಹೆಸರು, ಒಂದು ತಾರೀಖು. ವಿಯೆಟ್ನಾಂನಲ್ಲಿ ಕಾಣೆಯಾದ ಸೈನಿಕನ ಹೆಸರು. ಅಕ್ಷರಗಳು ಸವೆದುಹೋಗಿದ್ದವು. ಅವನು ಮನೆಗೆ ಬರುವವರೆಗೂ ತೆಗೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ ಅಂದರು.

ನನಗೆ ದಾವಣಗೆರೆ ನೆನಪಾಯಿತು.

ಅಲ್ಲಿನ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದೆ. ತಾಳಿ ತೆಗೆಯಿರಿ ಅಂದರೆ ಹೆಂಗಸರ ಮುಖ ಬಾಡುತ್ತಿತ್ತು. ಕೆಲವರು ಅತ್ತೇಬಿಡುತ್ತಿದ್ದರು. ನಮ್ಮ ಆಯಾಮ್ಮ ಡ್ರಾದಲ್ಲಿ ಹಳದಿ ದಾರ, ಅರಿಶಿನದ ಕೊಂಬು ಇಟ್ಟುಕೊಂಡಿರುತ್ತಿದ್ದರು. ಮೊದಲು ಅದನ್ನು ಕೊರಳಿಗೆ ಕಟ್ಟಿ, ಆಮೇಲೆ ತಾಳಿ ತೆಗೆಸಿ, ಸೆರಗಿನಲ್ಲಿ ಗಂಟು ಹಾಕಿಕೊಂಡು ಬಾಗಿಲಲ್ಲೇ ಕೂರುತ್ತಿದ್ದರು. ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಟ್ಟದ್ದಲ್ಲ ಅದು. ನಾನು ಕಲಿತ ದೊಡ್ಡ ಪಾಠ ಅವರಿಂದಲೇ.

ಅಜ್ಜನಿಗೂ ಹಾಗೇ ಹೇಳಿದೆ. "ಬುಟ್ಟಿಗೆ ಹಾಕಲ್ಲ. ಮುಗಿಯೋವರೆಗೂ ಕೈಯಲ್ಲೇ ಹಿಡ್ಕೊಂಡಿರ್ತೀನಿ." ಅದು ಕುತ್ತಿಗೆಯ ಸ್ಕ್ಯಾನ್. ಮುಖದ ಮೇಲೆ ಜಾಲರಿಯಂಥ ಕಾಯಿಲ್ ಬರುತ್ತದೆ, ಅದರಲ್ಲೊಂದು ಪುಟ್ಟ ಕನ್ನಡಿ. ಮಲಗಿದವರಿಗೆ ಆ ಕನ್ನಡಿಯಲ್ಲಿ ನಾವು ಕೂತಿರುವ ಗಾಜಿನ ಕಿಟಕಿ ಕಾಣುತ್ತದೆ. ಬಳೆಯನ್ನು ಜೊತೆ ಕೆಲಸದವರ ಕೈಗೆ ಕೊಟ್ಟು, ಒಳಗೆ ಹೋಗಿ ಅಜ್ಜನನ್ನು ಮಲಗಿಸಿ ಬಂದು, ಮತ್ತೆ ಇಸಿದುಕೊಂಡೆ. ನಲವತ್ತು ನಿಮಿಷ ಎಡಗೈಯಲ್ಲಿ ಬಳೆ ಎತ್ತಿ ಹಿಡಿದು, ಬಲಗೈಯಲ್ಲಿ ಮೌಸ್ ಆಡಿಸಿದೆ. ಅವರು ಒಂದು ಸಲವೂ ಅಲುಗಾಡಲಿಲ್ಲ.

ಓಹಾಯೋ ರಾಜ್ಯದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ. ವೆಟರನ್ಸ್ ಅಫೇರ್ಸ್ ಇಲಾಖೆಯದು, ಎಲ್ಲರೂ ವಿಎ ಅನ್ನುತ್ತಾರೆ. ಕೇಂದ್ರ ಸರ್ಕಾರದ್ದು, ಸಾಮಾನ್ಯವಾಗಿ ಅಮೆರಿಕದ ಪ್ರಜೆಗಳಿಗೇ ಕೆಲಸ. ಹಾಗಾಗಿ ಪೌರತ್ವ ಸಿಗುವವರೆಗೆ ಕಾದೆ. ಅಷ್ಟರಲ್ಲಿ ಮತ್ತೆ ಕಾಲೇಜಿಗೆ ಹೋಗಿ ಸ್ಕ್ಯಾನ್ ಮಾಡುವವರಿಗೆ ಇಲ್ಲಿರುವ ಎಆರ್‌ಆರ್‌ಟಿ ಪರೀಕ್ಷೆ ಮುಗಿಸಿದೆ. ಇಲ್ಲಿ ಬರುವವರು ನನ್ನನ್ನು 'ಡಾಕ್' ಅನ್ನುತ್ತಾರೆ. ಡಾಕ್ಟರ್ ಅಲ್ಲ ಅಂದರೂ ಬಿಡುವುದಿಲ್ಲ. ಯುದ್ಧದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವವರನ್ನು ಹಾಗೆ ಕರೆದು ರೂಢಿ.

ಮೆಷಿನ್ ಎರಡೂ ಕಡೆ ಒಂದೇ. 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ರಾತ್ರಿ ಬೀಗ ಹಾಕಿ ಹೋದರೂ ಮ್ಯಾಗ್ನೆಟ್ ಆಫ್ ಆಗಿರುವುದಿಲ್ಲ. 2018ರಲ್ಲಿ ಮುಂಬೈನಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ಯುವಕನೊಬ್ಬ ಮ್ಯಾಗ್ನೆಟ್‌ನ ಸೆಳೆತಕ್ಕೆ ಸಿಕ್ಕಿ ಸತ್ತೇಹೋದ. ಅವನು ರೋಗಿಯಲ್ಲ, ರೋಗಿಯ ಕಡೆಯವನು. ಆ ಸುದ್ದಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ದಾವಣಗೆರೆಯಲ್ಲಿ ನಾವು ದಿನಕ್ಕೆ ಮೂವತ್ತು ಸ್ಕ್ಯಾನ್ ಮಾಡುತ್ತಿದ್ದೆವು. ಮೈಯಲ್ಲಿ ಲೋಹ ಇದೆಯಾ ಅಂತ ಕೇಳುವ ಫಾರಂ ಇಂಗ್ಲಿಷಿನಲ್ಲಿತ್ತು. ತುಂಬುತ್ತಿದ್ದವನು ಮಗ, ಇಲ್ಲವೇ ಅಳಿಯ. ರೋಗಿಯನ್ನು ನೇರವಾಗಿ ಕೇಳಿದ್ದು ಕಡಿಮೆ.

ಇಲ್ಲಿ ಕೇಳುವುದೇ ನನ್ನ ಅರ್ಧ ಕೆಲಸ. ಪೇಸ್‌ಮೇಕರ್ ಇದೆಯಾ, ಆಪರೇಷನ್ ಆಗಿದೆಯಾ ಅನ್ನುವುದು ಎಲ್ಲ ಕಡೆ ಇದ್ದದ್ದೇ. ಸೈನಿಕರ ಮೈಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಗ್ರೆನೇಡ್, ಮಾರ್ಟರ್ ಸಿಡಿದಾಗ ಹೊಕ್ಕ ಉಕ್ಕಿನ ಚೂರುಗಳು. ಮಾಂಸದಲ್ಲಿ ಐವತ್ತು ವರ್ಷದಿಂದ ಕೂತ ಚೂರು ಎಷ್ಟೋ ಸಲ ತೊಂದರೆ ಕೊಡುವುದಿಲ್ಲ. ಕಣ್ಣಿನಲ್ಲೋ ಬೆನ್ನುಹುರಿಯ ಪಕ್ಕದಲ್ಲೋ ಇದ್ದರೆ ಮಾತೇ ಬೇರೆ. ಕಣ್ಣಿನಲ್ಲಿರುವ ಚೂರು ಸರಿದರೆ ದೃಷ್ಟಿಯೇ ಹೋಗಬಹುದು. ಅನುಮಾನ ಬಂದರೆ ಮೊದಲು ಎಕ್ಸ್‌ರೇ, ರೇಡಿಯಾಲಜಿಸ್ಟ್ ನೋಡಿ ಆಯ್ತು ಅಂದಮೇಲೆ ಎಂಆರ್‌ಐ. 'ಗಾಯ ಆಗಿತ್ತಾ' ಅಂದರೆ ಇಲ್ಲ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಕಾಲು ಹೋದರೆ ಮಾತ್ರ ಗಾಯ. 'ಎಲ್ಲಿದ್ರಿ, ಯಾವ ವರ್ಷ' ಅಂತ ಕೇಳಿದರೆ ಮಾತು ಹೊರಗೆ ಬರುತ್ತದೆ.

ಶಬ್ದದ ಬಗ್ಗೆಯೂ ಮೊದಲೇ ಹೇಳಬೇಕು. ಸ್ಕ್ಯಾನ್ ಶುರುವಾದರೆ ಟಕ ಟಕ ಅಂತ ಒಂದೇ ಸಮ ಬಡಿತ. ಬೇರೆಯವರಿಗೆ ಅದು ಬರೀ ಕಿರಿಕಿರಿ. ಇರಾಕ್ ಯುದ್ಧದಿಂದ ಬಂದ ಹುಡುಗನೊಬ್ಬ ನಡುಗಿ ಬೆಲ್ ಒತ್ತಿದ್ದ, ಮೆಷಿನ್‌ಗನ್ ಥರ ಕೇಳುತ್ತೆ ಅಂತ. ಈಗ ಪ್ರತಿ ಸಲ ಮೈಕಿನಲ್ಲಿ ಹೇಳುತ್ತೇನೆ: ಮುಂದಿನದು ಜೋರು, ನಾಲ್ಕು ನಿಮಿಷ, ನಾನಿಲ್ಲೇ ಇದ್ದೀನಿ.

ಇಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ದಾವಣಗೆರೆಯಲ್ಲಿ ಬೆಳಿಗ್ಗೆ ಡಾಕ್ಟರ್ ಬರೆದರೆ ಸಂಜೆಗೆ ರಿಪೋರ್ಟ್ ಕೈಯಲ್ಲಿ. ಇಲ್ಲಿ ವಾರಗಟ್ಟಲೆ ಕಾಯಬೇಕು. 2014ರಲ್ಲಿ ಕಾಯುವ ಪಟ್ಟಿಯದೇ ಹಗರಣವಾಗಿ ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಎಷ್ಟೋ ಜನ ಇಲ್ಲಿಗೆ ಒಬ್ಬರೇ ಬರುತ್ತಾರೆ. ನಮ್ಮೂರಲ್ಲಿ ಒಬ್ಬ ರೋಗಿ, ಐದು ಜನ ಜೊತೆಗೆ. ಬುತ್ತಿ ಸಮೇತ. ಆಗ ಬೈಯುತ್ತಿದ್ದೆ. ಈಗ ಬೆಂಚಿನಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಕೂತವರನ್ನು ನೋಡಿದರೆ ಆ ಗದ್ದಲ ಬೇಕಿತ್ತು ಅನಿಸುತ್ತದೆ.

ಆದರೆ ಕೇಳುವ ವಿಷಯದಲ್ಲಿ ನಾವು ತಪ್ಪಿದ್ದೇವೆ. ಅಮೆರಿಕದಲ್ಲಿ ಮಾಜಿ ಸೈನಿಕರಿಗೇ ಅಂತ ಸುಮಾರು 170 ಆಸ್ಪತ್ರೆಗಳಿವೆ. ಒಳಗೆ ಬಂದವರು ಯಾರು ಅಂತ ಬಾಗಿಲಲ್ಲೇ ಗೊತ್ತು. ನಮ್ಮಲ್ಲಿ ಮಿಲಿಟರಿ ಆಸ್ಪತ್ರೆಗಳಿವೆ, 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಕೂಡ ಇದೆ. ಪಾಲಿಕ್ಲಿನಿಕ್‌ನಿಂದ ಬರೆಸಿಕೊಂಡು ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೂ ಹೋಗಬಹುದು. ಅದು ಒಳ್ಳೆಯ ವ್ಯವಸ್ಥೆಯೇ. ಆದರೆ ಹಾಗೆ ಬಂದವರು ಎಲ್ಲರ ಜೊತೆ ಸಾಲಿನಲ್ಲಿ ಕೂರುತ್ತಾರೆ. ಕಾರ್ಡು ಬಿಲ್ಲಿಂಗ್ ಕೌಂಟರ್ ದಾಟಿ ನಮ್ಮವರೆಗೆ ಬರುವುದಿಲ್ಲ. ಕೈಯಿಂದ ದುಡ್ಡು ಕೊಟ್ಟು ಬಂದವರಾದರೆ ಅದೂ ಇಲ್ಲ. ಸೈನಿಕ ಅಂದರೆ ನಮಗೆ ಕೊಡಗು ನೆನಪಾಗುತ್ತದೆ. ಬೆಳಗಾವಿ, ಗದಗ, ಹಾಸನದ ಹಳ್ಳಿಗಳಿಂದ ಹೋಗಿ ಬಂದವರು ಎಷ್ಟು ಜನ ಅಲ್ವಾ?

ನಮ್ಮ ಸೆಂಟರ್‌ನ ಬಾಗಿಲಲ್ಲಿ ಒಬ್ಬರು ಸೆಕ್ಯುರಿಟಿ ಅಣ್ಣ ಇದ್ದರು. ಮಿಲ್ಟ್ರಿ ಬಿಟ್ಟು ಬಂದವರು ಅಂತ ಎಲ್ಲರಿಗೂ ಗೊತ್ತು, ಮೀಸೆ ನೋಡಿದರೇ ತಿಳಿಯುತ್ತಿತ್ತು. ಭಾರದ ರೋಗಿ ಬಂದರೆ ಸ್ಟ್ರೆಚರ್ ಎತ್ತಲು ಅವರನ್ನೇ ಕರೆಯುತ್ತಿದ್ದೆವು. ಕೀ, ಫೋನು ಹೊರಗಿಡಿ ಅಂತಷ್ಟೇ ಹೇಳುತ್ತಿದ್ದೆ. ಮ್ಯಾಗ್ನೆಟ್‌ವರೆಗೂ ಬಂದು ಹೋಗುತ್ತಿದ್ದರು.

ಹೋದ ವರ್ಷ ಊರಿಗೆ ಹೋದಾಗ ಅವರ ಮನೆಗೆ ಹೋದೆ. ಚಹಾ ಕುಡಿಯುತ್ತಾ, ಎಲ್ಲಿ ಎಲ್ಲಿ ಇದ್ರಿ ಅಣ್ಣಾ ಅಂತ ಕೇಳಿದೆ. 1987ರಲ್ಲಿ ಭಾರತದ ಶಾಂತಿಪಡೆಯ ಜೊತೆ ಶ್ರೀಲಂಕಾದ ಜಾಫ್ನಾಕ್ಕೆ ಹೋಗಿದ್ದರಂತೆ. ಪಂಚೆ ಸರಿಸಿ ಮೊಣಕಾಲ ಕೆಳಗೆ ತೋರಿಸಿದರು. ಚರ್ಮದಡಿ ಕಡಲೆಕಾಳಿನಷ್ಟು ಗಟ್ಟಿ. ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟರು. "ಚಳಿಗಾಲಕ್ಕೆ ನೋಯುತ್ತೆ ಸರ್. ನಿಮ್ಮ ಮೆಷಿನ್ ಹತ್ರ ಬಂದಾಗಲೂ ಒಂಥರಾ ಜಗ್ಗಿದ ಹಂಗಾಗ್ತಿತ್ತು. ವಯಸ್ಸಾಯ್ತು, ಅದಕ್ಕೇ ಅಂದ್ಕೊಂಡಿದ್ದೆ."

ಆ ರಾತ್ರಿಯೇ ಕೂತು ಎಂಆರ್‌ಐ ಫಾರಂ ಅನ್ನು ಕನ್ನಡದಲ್ಲಿ ಬರೆದೆ. ಎರಡು ಪುಟ, ದಪ್ಪ ಅಕ್ಷರ. ಈಗಲೂ ಅದೇ ಕೆಲಸದಲ್ಲಿರುವ ಮೂವರು ಗೆಳೆಯರಿಗೆ ಕಳಿಸಿದೆ. ಇಬ್ಬರು ಬಳಸುತ್ತಿದ್ದಾರೆ. ಯಾರಿಗೆ ಬೇಕಾದರೂ ಕೊಡುತ್ತೇನೆ. ಮೊದಲ ಸಾಲು: 'ನೀವು ಮಿಲ್ಟ್ರಿಯಲ್ಲಿ, ಪೊಲೀಸಿನಲ್ಲಿ ಇದ್ದವರಾ? ಎಲ್ಲಿ, ಯಾವ ವರ್ಷ?' ಕೆಳಗೆ ಚಿಕ್ಕದಾಗಿ, ನಮ್ಮವರಿಗೇ ಅಂತ ಇನ್ನೊಂದು ಸಾಲು ಸೇರಿಸಿದ್ದೇನೆ: 'ಸ್ಟ್ರೆಚರ್ ಹಿಡಿಯಲು ಬಂದವರನ್ನೂ ಕೇಳಿ.'