ಗಡ್ಡೆ ಅಂದಿದ್ದರು, ಥೈರಾಯ್ಡ್ ಅಂತೆ

ನಮ್ಮಕ್ಕನ ಮಗಳಿಗೆ 19 ವರ್ಷ. ಆರು ತಿಂಗಳಿಂದ "ಚಿಕ್ಕಮ್ಮ, ಗಂಟಲಲ್ಲಿ ಅನ್ನದ ತುತ್ತು ನಿಂತ ಹಾಗಿದೆ" ಅಂತಿದ್ದಳು. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿಸಿದ್ದು ನಾನೇ. ಬರುಬರುತ್ತಾ ಮಾತು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡ ಹಾಗೆ ಬರತೊಡಗಿತು.

ದೊಡ್ಡ ಆಸ್ಪತ್ರೆಯ ಇಎನ್‌ಟಿ ಡಾಕ್ಟರು ನಾಲಿಗೆ ಬುಡದಲ್ಲಿ ಕೆಂಪು ಗುಂಡು ನೋಡಿದರು. "ಗಡ್ಡೆ ಇದೆ. ತೆಗೆದು ಕಳಿಸೋಣ, ಕ್ಯಾನ್ಸರಾ ಅಲ್ಲವಾ ಆಮೇಲೆ ಗೊತ್ತಾಗುತ್ತೆ." ಅಕ್ಕ ಆವತ್ತಿನಿಂದ ಊಟ ಬಿಟ್ಟಳು. ಶುಕ್ರವಾರ ಆಪರೇಷನ್, ಅಡ್ವಾನ್ಸೂ ಕಟ್ಟಿಯಾಯಿತು.

ಬುಧವಾರ, ಮನಸ್ಸು ತಡೆಯದೆ ಜಯನಗರದಲ್ಲಿ ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಬಾಯಿ ನೋಡಿದ್ದು ಆಮೇಲೆ. ಮೊದಲು ಕತ್ತು ಮುಟ್ಟಿ, "ಇಲ್ಲಿರಬೇಕಾದ ಥೈರಾಯ್ಡ್ ಎಲ್ಲಮ್ಮ?" ಅಂದರು. ಅಲ್ಟ್ರಾಸೌಂಡ್‌ನಲ್ಲಿ ಕತ್ತು ಖಾಲಿ! ಥೈರಾಯ್ಡ್ ಎಲ್ಲಿದೆ ಅಂತ ತೋರಿಸುವ ಟೆಕ್ನೀಷಿಯಂ ಸ್ಕ್ಯಾನ್‌ನಲ್ಲಿ ನಾಲಿಗೆ ಬುಡ ಮಾತ್ರ ದೀಪದ ಹಾಗೆ ಹೊಳೆಯಿತು. ಟಿಎಸ್‌ಎಚ್, ಅಂದರೆ ಥೈರಾಯ್ಡಿಗೆ ಇನ್ನೂ ಕೆಲಸ ಮಾಡು ಅನ್ನುವ ಹಾರ್ಮೋನು, ರಕ್ತದಲ್ಲಿ ಜಾಸ್ತಿ.

ಬಸುರಲ್ಲಿ ಮಗುವಿನ ಥೈರಾಯ್ಡ್ ಹುಟ್ಟುವುದೇ ನಾಲಿಗೆ ಬುಡದಲ್ಲಂತೆ. ಅಲ್ಲಿಂದ ಜಾರುತ್ತಾ 7ನೇ ವಾರದ ಹೊತ್ತಿಗೆ ಕತ್ತಿಗೆ ಇಳಿಯುತ್ತದೆ. ಲಕ್ಷಕ್ಕೊಬ್ಬರಲ್ಲೋ, ಇನ್ನೂ ಕಮ್ಮಿಯೋ, ಅದು ಹುಟ್ಟಿದಲ್ಲೇ ಕೂತುಬಿಡುತ್ತದೆ. ಹೆಣ್ಣುಮಕ್ಕಳಲ್ಲೇ ಹೆಚ್ಚು. ಹಾಗೆ ಕೂತವರಲ್ಲಿ ಸುಮಾರು 70% ಜನಕ್ಕೆ ಬೇರೆ ಥೈರಾಯ್ಡೇ ಇರುವುದಿಲ್ಲ. ಅಂದರೆ ಶುಕ್ರವಾರ ತೆಗೆಯಬೇಕಿದ್ದದ್ದು ಗಡ್ಡೆಯನ್ನಲ್ಲ, ಹುಡುಗಿಗಿದ್ದ ಒಂದೇ ಒಂದು ಗ್ರಂಥಿಯನ್ನು. ರಕ್ತನಾಳ ತುಂಬಿದ ಜಾಗ ಬೇರೆ, ಬಯಾಪ್ಸಿಗೆ ಚೂರು ಕತ್ತರಿಸಿದರೂ ರಕ್ತ ನಿಲ್ಲಿಸುವುದು ಕಷ್ಟ.

ನಾನು ಆಪರೇಷನ್ ವಿರೋಧಿಯಲ್ಲ. ಉಸಿರು ಕಟ್ಟಿದರೆ, ರಕ್ತ ಬಂದರೆ ಮಾಡಲೇಬೇಕು. ಅಪರೂಪಕ್ಕೆ ಅದರಲ್ಲೂ ಕ್ಯಾನ್ಸರ್ ಆಗುವುದುಂಟು. ಅಪರೂಪದ ಕಾಯಿಲೆ ಮೊದಲ ನೋಟಕ್ಕೆ ಹೊಳೆಯಲಿಲ್ಲ ಅಂತಲೂ ನನ್ನ ಸಿಟ್ಟಲ್ಲ. ಕತ್ತಿನ ಅಲ್ಟ್ರಾಸೌಂಡ್‌ಗೆ ಚುಚ್ಚಬೇಕಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ, ನಮ್ಮ ಲೇಔಟಿನ ಮೂಲೆ ಸೆಂಟರಿನಲ್ಲೂ ಆಗುತ್ತದೆ. ಅದೊಂದನ್ನು ಬರೆಯದೆ ಆಪರೇಷನ್ ಥಿಯೇಟರ್ ಬುಕ್ ಮಾಡಿದ್ದಕ್ಕೆ ನನಗೆ ಸಿಟ್ಟು. "ಥೈರಾಯ್ಡ್ ಅದರ ಜಾಗದಲ್ಲಿದೆಯಾ ಸಾರ್?" ಅಂತ ಕೇಳಲು ನಮಗಾದರೂ ಎಲ್ಲಿ ತಿಳಿದಿತ್ತು? ಕ್ಯಾನ್ಸರ್ ಅನ್ನುವ ಮಾತು ಕಿವಿಗೆ ಬಿದ್ದಮೇಲೆ ಸಹಿ ಹಾಕು ಅಂದಲ್ಲೆಲ್ಲ ಹಾಕುತ್ತೇವೆ.

ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಮಾತ್ರೆ. ಟಿಎಸ್‌ಎಚ್ ಇಳಿದರೆ ಗುಂಡೂ ನಿಧಾನಕ್ಕೆ ಕುಗ್ಗಬಹುದು ಅಂದಿದ್ದಾರೆ. ಮಾತ್ರೆ ನುಂಗಿ ಅರ್ಧ ಗಂಟೆ ಕಾಫಿ ಇಲ್ಲ ಅನ್ನುವುದೊಂದೇ ಈಗ ಅವಳ ಗೋಳು.

ಅಡ್ವಾನ್ಸ್ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ನಾಳೆ ಮತ್ತೆ ಹೋಗಬೇಕು.